ತೆಂಗಿನ ಬೂದು ಪತಂಗ

ಬೇಸಿಗೆಯಲ್ಲಿ ಆಲಂಕಾರು ಕಡೆಯ ತೋಟಗಳಲ್ಲಿ ತೆಂಗಿನ ಕೆಳಮಡಲುಗಳು ಬೆಂಕಿ ತಗುಲಿದಂತೆ ಒಣಗಿದರೆ, ನೀರಿನ ಕೊರತೆಯೆಂದು ತೀರ್ಮಾನಿಸುವ ಮೊದಲು ಗರಿಯ ಅಡಿಭಾಗವನ್ನು ನೋಡಬೇಕು. ನೂಲು ಮತ್ತು ಹಿಕ್ಕೆಯಿಂದ ಹೆಣೆದ ಸುರಂಗಗಳಿದ್ದರೆ ಅದು ಕಪ್ಪುತಲೆ ಹುಳುವಿನ ಕೆಲಸ.

ಇದರ ಪ್ರೌಢ ಕೀಟ ಬೂದು ಬಣ್ಣದ ಪುಟ್ಟ ಪತಂಗ. ರಾತ್ರಿ ಹಾರಾಡುವ ಇದು ಗರಿಯನ್ನು ತಿನ್ನುವುದಿಲ್ಲ. ಹಳೆಯ ಗರಿಗಳ ಅಡಿಯಲ್ಲಿ ಮೊಟ್ಟೆಯಿಡುತ್ತದೆ, ಅಷ್ಟೆ. ಹಾನಿಯೆಲ್ಲ ಮರಿಹುಳುವಿನದು. ಅದು ಸುಮಾರು 40 ದಿನ ಸುರಂಗದೊಳಗಿದ್ದು ಹಸಿರನ್ನು ಕೆರೆದು ತಿಂದು, ಅಲ್ಲಿಯೇ ಕೋಶವಾಗಿ, ಮತ್ತೆ ಸುಮಾರು 12 ದಿನಗಳಲ್ಲಿ ಪತಂಗವಾಗುತ್ತದೆ. ಮಳೆಗಾಲದಲ್ಲಿ ಬಾಧೆ ತಗ್ಗುತ್ತದೆ.

ಸುರಂಗದೊಳಗಿನ ಹುಳುವಿಗೆ ಸಿಂಪರಣೆ ಸುಲಭವಾಗಿ ತಾಗದು. ಅದರ ಶತ್ರುಗಳಿಗೆ ಮಾತ್ರ ಚೆನ್ನಾಗಿ ತಾಗುತ್ತದೆ. ಗೋನಿಯೋಜಸ್ ಎಂಬ ಕಪ್ಪು ಬಣ್ಣದ ಸಣ್ಣ ಕಡಜ ಸುರಂಗವನ್ನು ಹೊಕ್ಕು, ಬಲಿತ ಹುಳುವನ್ನು ಕುಟುಕಿ ನಿಶ್ಚೇಷ್ಟಗೊಳಿಸಿ, ಅದರ ಮೈಮೇಲೆ ಮೊಟ್ಟೆಯಿಡುತ್ತದೆ. ಕಡಜದ ಮರಿಗಳು ಹುಳುವನ್ನೇ ಹೀರಿ ಬೆಳೆಯುತ್ತವೆ. ಸ್ವಾರಸ್ಯವೆಂದರೆ, ಪ್ರಯೋಗಾಲಯದಲ್ಲಿ ಈ ಕಡಜವನ್ನು ಸಾಕುವುದು ಅಕ್ಕಿಯಲ್ಲಿ ಜಾಲ ಕಟ್ಟುವ ಇನ್ನೊಂದು ಬೂದು ಪತಂಗದ ಹುಳುಗಳ ಮೇಲೆ!

ತೋಟದಲ್ಲಿ ಬಲಿತ ಹುಳುಗಳಿರುವಾಗಲೇ ಕಡಜಗಳನ್ನು ಬಿಡಬೇಕು; ಕೋಶ, ಪತಂಗಗಳಷ್ಟೇ ಇರುವಾಗ ಬಿಟ್ಟರೆ ಖರ್ಚು ದಂಡ. ತೀರ ಒಣಗಿದ ಕೆಳಮಡಲುಗಳನ್ನು ಅದಕ್ಕೂ ಮುನ್ನವೇ ಕಡಿದು ಸುಡಬೇಕು. ಸಲಹೆಗೆ ವಿಟ್ಲದ ಸಿ.ಪಿ.ಸಿ.ಆರ್.ಐ. ಪ್ರಾದೇಶಿಕ ಕೇಂದ್ರವನ್ನು ವಿಚಾರಿಸಬಹುದು. ಹೋಗುವಾಗ ಹುಳುವಿರುವ ಒಂದು ಗರಿಯನ್ನು ಒಯ್ಯಿರಿ.