ಮನೆಗೊಂದು ತಂಡ, ಊರಿಗೊಂದು ಮೈದಾನ

ಕೊಡಗಿನಲ್ಲಿ ಬೆಟ್ಟಕ್ಕೆ ಬರವಿಲ್ಲ, ಕಾಡಿಗೆ, ತೋಟಕ್ಕೆ, ಹೊಳೆಗೂ ಬರವಿಲ್ಲ. ಸುಲಭಕ್ಕೆ ಸಿಗದಿರುವುದು ಸಮತಟ್ಟಾದ ಜಾಗ. ಹಾಕಿ ಅಂಗಳವೊಂದಕ್ಕೆ 91.40 ಮೀಟರ್ ಉದ್ದ, 55 ಮೀಟರ್ ಅಗಲ ಬೇಕು. ಸುತ್ತ ಬಿಡಬೇಕಾದ ಅಂಚು ಸೇರಿದರೆ ಒಂದೂವರೆ ಎಕರೆಗೆ ಕಡಿಮೆಯಿಲ್ಲ. ಬಯಲುಸೀಮೆಯಲ್ಲಿ ಇದೊಂದು ದೊಡ್ಡ ಮಾತಲ್ಲ. ಇಳಿಜಾರಿನಲ್ಲಿ ಕಾಫಿ, ತಗ್ಗಿನಲ್ಲಿ ಗದ್ದೆ ಇರುವ ಕೊಡಗಿನ ಹಳ್ಳಿಯಲ್ಲಿ ಅಷ್ಟು ಜಾಗ ಬೇಕೆಂದರೆ ಬೆಟ್ಟದ ಒಂದು ಮಗ್ಗುಲನ್ನು ಕಡಿಯಬೇಕು, ಇಲ್ಲವೇ ಯಾರಾದರೂ ಗದ್ದೆ ಬಿಟ್ಟುಕೊಡಬೇಕು. ಹಾಗಿದ್ದೂ ಇಲ್ಲಿ ಶಾಲೆಯ ಹಿಂದೆ, ದೇವಸ್ಥಾನದ ಕೆಳಗೆ, ಪೇಟೆಯ ಅಂಚಿನಲ್ಲಿ ಹಾಕಿ ಮೈದಾನಗಳು ಕಾಣುತ್ತವೆ. ಅವುಗಳಲ್ಲಿ ಕೆಲವಕ್ಕೆ ಇಂದಿನ ರೂಪ ಬಂದದ್ದು ಮನೆತನಗಳ ಒಂದು ಹಬ್ಬದಿಂದ.

ಅದು ಕೊಡವ ಕೌಟುಂಬಿಕ ಹಾಕಿ. ಬ್ಯಾಂಕ್ ನೌಕರಿಯಲ್ಲಿದ್ದು ನಿವೃತ್ತರಾದ, ಹಾಕಿ ಪಂದ್ಯಗಳಿಗೆ ತೀರ್ಪುಗಾರರೂ ಆಗಿದ್ದ ಪಾಂಡಂಡ ಕುಟ್ಟಪ್ಪ ಇದರ ಹಿಂದಿದ್ದವರು. ಊರು ಬಿಟ್ಟು ಬೆಂಗಳೂರು, ಮೈಸೂರು, ಸೇನೆ, ಪರದೇಶ ಎಂದು ಚದುರಿಹೋದ ಮನೆತನಗಳ ಮಕ್ಕಳಿಗೆ ಒಬ್ಬರ ಮುಖ ಒಬ್ಬರಿಗೆ ಗೊತ್ತಿಲ್ಲದಂತಾಗುತ್ತಿದೆ ಎಂಬುದು ಅವರ ಚಿಂತೆ. ಮದುವೆ, ಸಾವಿಗೆ ಸೇರುವುದು ಇದ್ದೇ ಇತ್ತು. ಅದರಾಚೆಗೂ ಎಲ್ಲರನ್ನೂ ಸೇರಿಸುವುದು ಹೇಗೆ? ಕೊಡವರಿಗೆ ಹಾಕಿ ಕೋಲು ಹೊಸತಲ್ಲ. ಸೇನೆಯ ನಂಟಿನಿಂದ ಬಂದ ಆಟ ಮನೆ ಮನೆಗೆ ಹೊಕ್ಕಿತ್ತು. 1997ರಲ್ಲಿ ವಿರಾಜಪೇಟೆ ತಾಲ್ಲೂಕಿನ ಕರಡ ಎಂಬ ಸಣ್ಣ ಊರಿನಲ್ಲಿ ಮೊದಲ ಟೂರ್ನಿ ನಡೆಯಿತು. ಪಾಂಡಂಡ ಕಪ್ ಎಂದು ಹೆಸರು, ಬಂದ ಕುಟುಂಬಗಳು 60.

ಅಲ್ಲಿಂದ ಮುಂದೆ ಏರಿದ್ದು ನೋಡಿ. 2018ರಲ್ಲಿ ನಾಪೋಕ್ಲುವಿನ ಕುಲ್ಲೇಟಿರ ಕಪ್‌ಗೆ 334 ಕುಟುಂಬಗಳು. ಅದೇ ವರ್ಷದ ಆಗಸ್ಟಿನಲ್ಲಿ ಗುಡ್ಡ ಜರಿದು ಊರುಗಳೇ ಕೊಚ್ಚಿಹೋದವು, ಆಮೇಲೆ ಕೋವಿಡ್ ಬಂತು, ನಾಲ್ಕು ವರ್ಷ ಹಬ್ಬ ನಿಂತಿತು. ಆ ನಡುವೆ 2020ರಲ್ಲಿ ಕುಟ್ಟಪ್ಪ ತೀರಿಕೊಂಡರು. ಇನ್ನು ಮುಗಿಯಿತು ಎಂದವರೂ ಇದ್ದರು. 2023ರಲ್ಲಿ ಅಪ್ಪಚೆಟ್ಟೋಳಂಡ ಕುಟುಂಬ ನಾಪೋಕ್ಲುವಿನಲ್ಲಿ ಮತ್ತೆ ನಡೆಸಿದಾಗ 336 ತಂಡಗಳು ಬಂದವು. 2024ರ ಕುಂಡ್ಯೋಳಂಡ ಕಪ್‌ನಲ್ಲಿ 360 ತಂಡಗಳು ಆಡಿ ಗಿನ್ನೆಸ್ ದಾಖಲೆ ಪುಸ್ತಕಕ್ಕೆ ಸೇರಿದವು. 2025ರಲ್ಲಿ ಮಡಿಕೇರಿಯಲ್ಲಿ ನಡೆದ ಮುದ್ದಂಡ ಕಪ್‌ಗೆ 396. ಒಟ್ಟು ಜನಸಂಖ್ಯೆಯೇ ಒಂದೆರಡು ಲಕ್ಷದೊಳಗೆ ಇರುವ ಸಮುದಾಯವೊಂದು ಒಂದೇ ಟೂರ್ನಿಗೆ ಇಷ್ಟು ತಂಡ ಕಟ್ಟುವುದು ಬೇರೆಲ್ಲೂ ಕೇಳಿದ್ದಿಲ್ಲ.

ಆಟದ ನಿಯಮ ಹಾಕಿಯದ್ದೇ, ತಂಡದ ನಿಯಮ ಮಾತ್ರ ಮನೆಯದ್ದು. ಒಂದು ಒಕ್ಕಕ್ಕೆ, ಅಂದರೆ ಒಂದು ಮನೆತನಕ್ಕೆ, ಒಂದೇ ತಂಡ. ಗಂಡಸರು, ಹೆಂಗಸರು ಒಟ್ಟಿಗೆ ಆಡುತ್ತಾರೆ. ವಯಸ್ಸಿನ ಕಟ್ಟುಪಾಡಿಲ್ಲ. ಮದುವೆಯಾಗಿ ಹೋದ ಹೆಣ್ಣುಮಗಳಿಗೆ ತವರಿನ ಪರವಾಗಿ ಆಡುವುದಕ್ಕೂ ಅಡ್ಡಿಯಿಲ್ಲ. ರಾಷ್ಟ್ರೀಯ ತಂಡದಲ್ಲಿ ಆಡಿ ಬಂದವನ ಪಕ್ಕದಲ್ಲಿ, ಕೋಲು ಹಿಡಿದು ಮೂರು ತಿಂಗಳಾಗದ ಹುಡುಗಿ ನಿಂತಿರುತ್ತಾಳೆ.

ಮೊದಲ ಸುತ್ತಿನ ಪಂದ್ಯಗಳನ್ನು ನೋಡಬೇಕು, ಫೈನಲ್ ಅಲ್ಲ. ಫೈನಲ್‌ನಲ್ಲಿ ಇರುವುದು ಹಾಕಿ. ಮೊದಲ ಸುತ್ತಿನಲ್ಲಿ ಇರುವುದು ಮನೆ. ಬೆಳಿಗ್ಗೆಯ ಪಂದ್ಯಕ್ಕೆ ಮುಂಚೆ ಗೆರೆಯಾಚೆ ಜೀಪು ನಿಲ್ಲಿಸಿ ಹಿಂದಿನ ಬಾಗಿಲು ತೆಗೆದರೆ ಕೋಲುಗಳ ಕಂತೆ, ನೀರಿನ ಕ್ಯಾನು, ಟಿಫನ್ ಡಬ್ಬಿ. ಗೋಲ್‌ಕೀಪರ್‌ನ ಪ್ಯಾಡು ಯಾರದೋ ಬಳಿ ಎರವಲು ತಂದದ್ದು, ಪಟ್ಟಿ ಒಂದು ಕಡೆ ಕಿತ್ತಿದೆ. ಅವನ ಚಿಕ್ಕಮ್ಮ ಮಂಡಿಯೂರಿ ಕೂತು ಅದನ್ನು ಸೆಣಬಿನ ದಾರದಲ್ಲಿ ಬಿಗಿಯುತ್ತಿದ್ದಾರೆ. ಸೇನೆಯಿಂದ ನಿವೃತ್ತರಾದ ಅಜ್ಜ ಮುಂಚೂಣಿಯಲ್ಲಿ ನಿಲ್ಲುತ್ತೇನೆಂದು ಹಟ ಹಿಡಿದಿದ್ದಾರೆ. ಮೊಮ್ಮಗ ನಾಯಕ, ಅವನ ಮಾತು ನಡೆಯುವುದಿಲ್ಲ. ಮೈಕಿನಲ್ಲಿ ಕೊಡವರ ಭಾಷೆಯಾದ ಕೊಡವ ತಕ್ಕಿನಲ್ಲಿ ವಿವರಣೆ ಶುರುವಾಗುತ್ತದೆ; ಚೆಂಡು ಯಾರ ಬಳಿ ಇದೆ ಎಂಬುದರ ಜೊತೆಗೆ ಅವರು ಯಾರ ಮಗ, ಯಾವ ಮನೆಯ ಅಳಿಯ ಎಂಬುದೂ ಬರುತ್ತದೆ. ಎಂಟು ಗೋಲು ತಿಂದು ಸೋತ ತಂಡ ಕಪ್ ಗೆದ್ದವರ ಗತ್ತಿನಲ್ಲಿ ಗುಂಪು ಫೋಟೊಗೆ ನಿಲ್ಲುತ್ತದೆ. ಬೇರೆ ಟೂರ್ನಿಗಳಲ್ಲಿ ನನಗೆ ಇದು ಕಾಣಸಿಕ್ಕಿಲ್ಲ.

ಇಷ್ಟು ತಂಡಗಳನ್ನು ಆಡಿಸಲು ಜಾಗ ಬೇಕಲ್ಲ. ಇದು ಸೋತವರು ಹೊರನಡೆಯುವ ನಾಕೌಟ್ ಮಾದರಿ. ಹಾಗಾಗಿ 60 ತಂಡ ಬಂದರೆ 59 ಪಂದ್ಯ, 396 ಬಂದರೆ 395. ಹಬ್ಬ ಹೆಚ್ಚುಕಡಿಮೆ ಒಂದು ತಿಂಗಳದ್ದು. ದಿನಕ್ಕೆ ಹತ್ತು ಹದಿನೈದು ಪಂದ್ಯ ಎಂದರೆ ಒಂದು ಅಂಗಳ ಸಾಲದು, ಎರಡು ಮೂರು ಅಂಗಳಗಳಲ್ಲಿ ಒಟ್ಟಿಗೇ ನಡೆಯಬೇಕು. ಪ್ರತಿವರ್ಷ ಹೊಣೆ ಬೇರೆ ಮನೆತನದ್ದು. ವರ್ಷಗಳ ಮೊದಲೇ ಕುಟುಂಬಗಳು ಸರದಿ ಹಿಡಿದು ಕೂತಿರುತ್ತವೆ. ಒಕ್ಕದ ಮೂಲಮನೆಯಾದ ಐನ್‌ಮನೆಯಲ್ಲಿ ಸಭೆ ಸೇರಿ ಯಾರು ಎಷ್ಟು ಹಾಕಬೇಕು, ಗ್ಯಾಲರಿ ಯಾರ ಉಸ್ತುವಾರಿ, ಊಟ ಯಾರದು, ಬಂದ ಅತಿಥಿಗಳನ್ನು ಎಲ್ಲಿ ಇಳಿಸುವುದು ಎಂಬುದೆಲ್ಲ ತೀರ್ಮಾನವಾಗುತ್ತದೆ. ಸರ್ಕಾರದ ಅನುದಾನವೂ ಈಗೀಗ ಬರುತ್ತದೆ, ಆದರೆ ಮೊದಲ ಹಣ ಬೀಳುವುದು ಮನೆಯವರದ್ದೇ.

ಮೈದಾನದ ಕೆಲಸ ಶುರುವಾಗುವುದು ತಿಂಗಳುಗಳ ಮೊದಲು. ಜೆಸಿಬಿ ತರಿಸಿ ದಿಬ್ಬ ಕಡಿದು ತಗ್ಗಿಗೆ ತುಂಬುವುದು ಸುಲಭದ ಭಾಗ. ತುಂಬಿದ ಮಣ್ಣು ಕೂರಬೇಕು. ಅವಸರ ಮಾಡಿದರೆ ಮೊದಲ ಮಳೆಗೇ ಒಂದು ಮೂಲೆ ಕುಸಿಯುತ್ತದೆ. ಮಳೆನಾಡಿನ ಮೈದಾನಕ್ಕೆ ಹುಲ್ಲಿಗಿಂತ ಮುಖ್ಯವಾದದ್ದು ನೀರು ಹೋಗುವ ದಾರಿ. ನಡುವೆ ತುಸು ಉಬ್ಬು, ಎರಡೂ ಕಡೆಗೆ ಕಣ್ಣಿಗೆ ಕಾಣದಷ್ಟು ಇಳಿಜಾರು, ಬೆಟ್ಟದ ಕಡೆಗೊಂದು ಆಳದ ಚರಂಡಿ. ಈ ಚರಂಡಿ ತಪ್ಪಿದರೆ ಉಳಿದ ಖರ್ಚೆಲ್ಲ ನೀರಿನಲ್ಲಿ ಮಾಡಿದ ಹೋಮ. ಟೂರ್ನಿ ನಡೆಯುವುದು ಏಪ್ರಿಲ್, ಮೇ ಆಸುಪಾಸಿನಲ್ಲಿ. ಆಗ ಹಗಲು ಧೂಳು, ಸಂಜೆಗೆ ಗುಡುಗು ಮಳೆ. ಕಾಫಿಗೆ ಬೇಕೆಂದು ಜನ ಕಾದು ಕೂತ ಮಳೆಯನ್ನೇ ಮೈದಾನದ ಉಸ್ತುವಾರಿ ಹೊತ್ತವರು ಮನಸ್ಸಿನಲ್ಲೇ ಶಪಿಸುತ್ತಾರೆ. ಬೆಳಿಗ್ಗೆ ನೀರು ಚಿಮುಕಿಸಿ, ರೋಲರ್ ಎಳೆದು, ಸುಣ್ಣದ ಗೆರೆ ಹಾಕಿ, ಗೋಲು ಕಂಬದಿಂದ 14.63 ಮೀಟರ್ ಅಳೆದು ಅರೆವೃತ್ತ ಎಳೆಯುವ ಕೆಲಸ ದಿನವೂ ಇದ್ದದ್ದೇ.

ಹಬ್ಬ ಮುಗಿದ ಮೇಲೆ ಗ್ಯಾಲರಿ ಬಿಚ್ಚಿ ಲಾರಿಗೆ ಹೇರುತ್ತಾರೆ. ನೆಲ ಉಳಿಯುತ್ತದೆ. ಶಾಲೆಯ ಮಕ್ಕಳು ಅಲ್ಲಿ ಆಡುತ್ತಾರೆ, ಸಂಜೆ ಫುಟ್‌ಬಾಲ್ ನಡೆಯುತ್ತದೆ, ಭಾನುವಾರ ಕ್ರಿಕೆಟ್. ನಾಪೋಕ್ಲು ಚೆರಿಯಪರಂಬಿನಲ್ಲಿರುವ ಜನರಲ್ ತಿಮ್ಮಯ್ಯ ಮೈದಾನ ಈ ಬಗೆಯದ್ದು. ಕೊಡಗಿನ ಗೌಡ ಕುಟುಂಬಗಳು ಇದೇ ಮಾದರಿಯಲ್ಲಿ ಕ್ರಿಕೆಟ್ ಟೂರ್ನಿ ನಡೆಸುತ್ತವೆ, ಮುಸ್ಲಿಂ ಕುಟುಂಬಗಳದ್ದೂ ಪ್ರತ್ಯೇಕ ಟೂರ್ನಿ ಇದೆ. ಒಬ್ಬರು ಹಾಕಿದ ದಾರಿಯಲ್ಲಿ ಇನ್ನೊಬ್ಬರು ನಡೆದದ್ದು ಒಳ್ಳೆಯದೇ. ಆದರೆ ಮನೆತನದ ಹೆಸರಿನ ಟೂರ್ನಿಗಳಲ್ಲಿ ತೋಟದ ಕಾರ್ಮಿಕರ ಲೈನ್‌ಮನೆಯ ಹುಡುಗನಿಗೆ, ಹಾಡಿಯ ಯರವ ಆದಿವಾಸಿಗಳ ಮಕ್ಕಳಿಗೆ ತಂಡ ಯಾವುದು? ಕುಟುಂಬ ಟೂರ್ನಿಗಳು ಉತ್ತರಿಸಲಾಗದ ಪ್ರಶ್ನೆ ಇದು. ಹನ್ನೊಂದು ತಿಂಗಳು ಗೇಟಿಗೆ ಬೀಗ ಹಾಕದೆ ಮೈದಾನವನ್ನು ತೆರೆದಿಟ್ಟರೆ ಅರ್ಧ ಉತ್ತರ ಸಿಕ್ಕಂತೆ.

ಊರಿಗೊಂದು ಆಟದ ಬಯಲು ಬೇಕೆಂಬ ಯೋಚನೆ ಇಲ್ಲಿ ಹಾಕಿಗಿಂತ ಹಳೆಯದು. ಕೊಡಗಿನ ಹಳ್ಳಿಗಳಲ್ಲಿ ಮಂದ್ ಎಂಬ ಸಾರ್ವಜನಿಕ ಬಯಲಿದೆ. ಊರಿಗೆ ಊರ್‌ಮಂದ್, ಹಲವು ಊರು ಸೇರಿದ ನಾಡಿಗೆ ನಾಡ್‌ಮಂದ್. ಸುಗ್ಗಿಯ ಪುತ್ತರಿ ಹಬ್ಬದಲ್ಲಿ ಕೋಲಾಟ ನಡೆಯುವುದು ಅಲ್ಲೇ. ಬೆತ್ತ ಹಿಡಿದು ಮಂಡಿಯ ಕೆಳಗೆ ಹೊಡೆಯುವ ಪರಿಯಕಳಿಯೂ ಅಲ್ಲೇ. ನಾಟಿ ಮುಗಿದ ಮೇಲೆ ಸೆಪ್ಟೆಂಬರಿನಲ್ಲಿ ಬರುವ ಕೈಲ್‌ಪೊಳ್ದ್‌ಗೆ ಕೋವಿಗಳನ್ನು ಪೂಜಿಸಿ, ಬಯಲಿನಲ್ಲಿ ಸೇರಿ ಮರದ ಮೇಲಿನ ತೆಂಗಿನಕಾಯಿಗೆ ಗುರಿ ಇಡುತ್ತಾರೆ, ಓಟ, ಹಗ್ಗಜಗ್ಗಾಟ ಏರ್ಪಡಿಸುತ್ತಾರೆ. ಮಳೆಗಾಲದಲ್ಲಿ ಗದ್ದೆಯೇ ಮೈದಾನ. ಮಡಿಕೇರಿ ಹತ್ತಿರದ ಕಗ್ಗೋಡ್ಲುವಿನ ಕೆಸರುಗದ್ದೆ ಕ್ರೀಡಾಕೂಟಕ್ಕೆ ಜಿಲ್ಲೆಯಿಡೀ ಯುವಕ ಸಂಘಗಳು ಬರುತ್ತವೆ. ಅದಕ್ಕೆ ರೋಲರ್ ಬೇಡ, ಗೆರೆ ಬೇಡ, ಉತ್ತ ಗದ್ದೆ ಸಾಕು. ಮಂದ್‌ಗಳಿಗೆ ಮಾತ್ರ ಈಗ ಕಷ್ಟಕಾಲ. ಕೆಲವು ಪಕ್ಕದ ತೋಟಕ್ಕೆ ಸೇರಿ ಕಿರಿದಾಗಿವೆ, ಕೆಲವು ವ್ಯಾಜ್ಯದಲ್ಲಿವೆ. ಬೇಲಿ ಪ್ರತಿವರ್ಷ ಒಂದೊಂದು ಅಡಿ ಮುಂದೆ ಬರುವುದನ್ನು ತಡೆಯಲು ಹಬ್ಬದ ದಿನ ಅಲ್ಲಿ ಆಡುವುದೇ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಎಂದು ಹಿರಿಯರು ಹೇಳುತ್ತಾರೆ.

ಹಳ್ಳಿಯ ಮಣ್ಣಿನ ಅಂಗಳದಿಂದ ಏನು ಬಂತು ಎಂದು ಕೇಳುವವರಿಗೆ ಹೆಸರುಗಳಿವೆ. ಕೊಡಗಿನ ಮಣ್ಣು ಮತ್ತು ಮನೆತನಗಳು ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ, ಎ.ಬಿ. ಸುಬ್ಬಯ್ಯ ಅವರಿಂದ ಹಿಡಿದು ಅರ್ಜುನ್ ಹಾಲಪ್ಪ, ವಿ.ಆರ್. ರಘುನಾಥ್, ಎಸ್.ಕೆ. ಉತ್ತಪ್ಪವರೆಗೆ ಭಾರತ ತಂಡಕ್ಕೆ ಆಟಗಾರರನ್ನು ಕೊಟ್ಟಿವೆ. ಸೋಮಯ್ಯ 1980ರ ಮಾಸ್ಕೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದವರು. ಸೋಮವಾರಪೇಟೆಯ ಎಸ್.ವಿ. ಸುನಿಲ್ ಕೂಡ ಈ ಜಿಲ್ಲೆಯವರೇ. ಆದರೆ 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದ ದೊಡ್ಡ ಹಾಕಿ ಟರ್ಫ್ ಎಂಬ ಕೃತಕ ಹಾಸಿನ ಮೇಲೆ ನಡೆಯುತ್ತಿದೆ. ಮಣ್ಣಿನಲ್ಲಿ ಚೆಂಡು ಪುಟಿಯುತ್ತದೆ, ಟರ್ಫಿನಲ್ಲಿ ಜಾರುತ್ತದೆ. ಕೈ, ಕಾಲು, ಬೆನ್ನು ಬಗ್ಗುವ ಬಗೆ ಎಲ್ಲವೂ ಬೇರೆ. ಹೀಗಾಗಿ ಕೂಡಿಗೆಯ ಕ್ರೀಡಾಶಾಲೆ, ಪೊನ್ನಂಪೇಟೆಯ ಟರ್ಫ್ ಮೈದಾನಗಳ ಅಗತ್ಯವನ್ನು ಯಾರೂ ಅಲ್ಲಗಳೆಯಲಾರರು. ಟರ್ಫ್ ಹಾಸುವುದು ಕೋಟಿಗಳ ಲೆಕ್ಕ. ಅದಕ್ಕೆ ನೀರು ಬೇಕು, ನೋಡಿಕೊಳ್ಳುವವರು ಬೇಕು, ಹತ್ತು ವರ್ಷದ ಆಸುಪಾಸಿನಲ್ಲಿ ಬದಲಿಸಲು ಮತ್ತೆ ಅಷ್ಟೇ ಹಣ ಬೇಕು. ಜಿಲ್ಲೆಗೆ ಇಂಥವು ಮೂರೋ ನಾಲ್ಕೋ ಸಾಕು. ಊರೂರಿಗೆ ಟರ್ಫ್ ತರುತ್ತೇವೆ ಎನ್ನುವ ಚುನಾವಣಾ ಭರವಸೆಗಿಂತ ಊರೂರಿಗೆ ಚರಂಡಿಯಿರುವ ಮಣ್ಣಿನ ಅಂಗಳ ಕೊಟ್ಟರೆ ಆಟ ಬೆಳೆಯುತ್ತದೆ. ಕೋಲು ಹಿಡಿಯುವ ಮೊದಲ ಐದು ವರ್ಷಕ್ಕೆ ಮಣ್ಣೇ ಸಾಕು.

ಹಬ್ಬದ ಬಗ್ಗೆ ನನಗಿರುವ ತಕರಾರು ಅದರ ಗಾತ್ರದ್ದು. ಕರಡದಂಥ ಪುಟ್ಟ ಊರಿನಲ್ಲಿ ಹುಟ್ಟಿದ ಟೂರ್ನಿಗೆ ಇಂದು ಕರಡವೇ ಚಿಕ್ಕದು. ಸಾವಿರಾರು ಜನ ಕೂರುವ ಗ್ಯಾಲರಿ, ವಾಹನ ನಿಲ್ದಾಣ, ಒಟ್ಟಿಗೇ ಎರಡು ಮೂರು ಅಂಗಳ ಇವೆಲ್ಲ ಸಿಗುವ ಜಾಗಗಳು ಕೊಡಗಿನಲ್ಲಿ ಬೆರಳೆಣಿಕೆಯಷ್ಟು. ಆದ್ದರಿಂದ 2017, 2018, 2023, 2024, ನಾಲ್ಕೂ ಸಲ ನಾಪೋಕ್ಲುವೇ ಬಂತು. ನಾಪೋಕ್ಲು ಒಳ್ಳೆಯ ಮೈದಾನ, ಅದರಲ್ಲಿ ಮಾತಿಲ್ಲ. ಆದರೆ ವರ್ಷಕ್ಕೊಂದು ಊರಿನ ನೆಲ ಹದವಾಗುತ್ತಿದ್ದ ಲಾಭ ಹೀಗೆ ಒಂದೇ ಕಡೆ ನಿಂತುಹೋಗುತ್ತದೆ. ಮನೆತನಗಳ ನಡುವೆ ಅವರಿಗಿಂತ ನಾವು ಜೋರಾಗಿ ಮಾಡಬೇಕು ಎಂಬ ಪೈಪೋಟಿಯೂ ಬೆಳೆದಿದೆ. ಮೊದಲ ಸುತ್ತುಗಳನ್ನಾದರೂ ನಾಡು ನಾಡಿಗೆ ಹಂಚಿ, ನಾಲ್ಕಾರು ಹಳ್ಳಿಗಳ ಶಾಲಾ ಮೈದಾನಗಳಲ್ಲಿ ಆಡಿಸಿ, ಕೊನೆಯ ಹಂತವನ್ನಷ್ಟೇ ದೊಡ್ಡ ಮೈದಾನಕ್ಕೆ ತಂದರೆ ಖರ್ಚೂ ಇಳಿಯುತ್ತದೆ, ಆ ಹಳ್ಳಿಗಳಿಗೂ ಒಂದೊಂದು ಅಂಗಳ ದಕ್ಕುತ್ತದೆ. ಕಷ್ಟದ ಕೆಲಸವೇನಲ್ಲ. ಮನಸ್ಸು ಮಾಡಬೇಕಾದವರು ಮುಂದಿನ ಸರದಿಯ ಮನೆತನಗಳು.

ಕೊಡಗಿನ ಹೊರಗಿನವರಿಗೂ ಇದರಲ್ಲಿ ಕಲಿಯುವುದಿದೆ. ರಾಜ್ಯದ ಬಹಳಷ್ಟು ಗ್ರಾಮ ಪಂಚಾಯಿತಿಗಳಲ್ಲಿ ಉದ್ಯೋಗ ಖಾತರಿ ಹಣದಿಂದ ಆಟದ ಮೈದಾನ ಮಾಡಿಸಲು ಅವಕಾಶವಿತ್ತು, ಮಾಡಿಯೂ ಇದ್ದಾರೆ. ಕೆಲವು ಕಡೆ ಉದ್ಘಾಟನೆಯ ಫಲಕ ಇದೆ, ಅದರ ಸುತ್ತ ಲಂಟಾನ ಬೆಳೆದಿದೆ. ಅಲ್ಲಿ ಹಣಕ್ಕೆ ಕೊರತೆ ಇರಲಿಲ್ಲ, ಈ ನೆಲ ನಮ್ಮದು ಎಂದು ವರ್ಷಕ್ಕೊಮ್ಮೆಯಾದರೂ ಬಂದು ಸುಣ್ಣದ ಗೆರೆ ಎಳೆಯುವ ಗುಂಪು ಇರಲಿಲ್ಲ. ಅದು ಮನೆತನವೇ ಆಗಬೇಕೆಂದಿಲ್ಲ. ಯುವಕ ಸಂಘ, ಹಳೆಯ ವಿದ್ಯಾರ್ಥಿಗಳು, ಜಾತ್ರೆ ಸಮಿತಿ ಯಾರೂ ಆಗಬಹುದು. ನಿಮ್ಮೂರಿನಲ್ಲಿ ಮೈದಾನ ಮಾಡುವ ಯೋಚನೆ ಇದ್ದರೆ ಎರಡು ಕೆಲಸ ಮೊದಲು ಮುಗಿಸಿಕೊಳ್ಳಿ: ಜಾಗದ ಸರ್ವೆ ಮಾಡಿಸಿ ಪಹಣಿಯಲ್ಲಿ ಆಟದ ಮೈದಾನ ಎಂದು ದಾಖಲಿಸಿ, ಮತ್ತು ಪ್ರತಿವರ್ಷ ಅಲ್ಲಿ ಏನು ಆಡಿಸುತ್ತೀರಿ, ಯಾವ ತಿಂಗಳು, ಯಾರ ಹೊಣೆ ಎಂದು ಊರವರೆಲ್ಲ ಕೂತು ಬರೆದಿಟ್ಟುಕೊಳ್ಳಿ. ಜೆಸಿಬಿಗೆ ಆಮೇಲೆ ಫೋನ್ ಮಾಡಿದರಾಯಿತು.

ನೋಡಬೇಕೆನ್ನುವವರು ಏಪ್ರಿಲ್‌ನಲ್ಲಿ ಕೊಡಗಿಗೆ ಹೋಗಿ. ಆಗ ಅಬ್ಬಿ ಜಲಪಾತ ಸೊರಗಿರುತ್ತದೆ, ರಾಜಾಸೀಟಿನಲ್ಲಿ ಮಂಜೂ ಇರುವುದಿಲ್ಲ. ಆ ವರ್ಷದ ಹಾಕಿ ಎಲ್ಲಿ ಎಂದು ಮಡಿಕೇರಿಯ ಯಾವ ಅಂಗಡಿಯಲ್ಲಿ ಕೇಳಿದರೂ ಹೇಳುತ್ತಾರೆ. ಮೊದಲ ವಾರವೇ ಹೋಗಿ, ತಲೆಗೊಂದು ಟೋಪಿ, ಕೈಗೊಂದು ಕೊಡೆ ಎರಡೂ ಇರಲಿ.