ಬಿಸಿಲಿನ ಲೆಕ್ಕ ಬರೆಯುವ ಉಪಗ್ರಹ

ನಮ್ಮ ಮನೆಯ ಉರ್ದುವಿನಲ್ಲಿ ‘ಧೂಪ್’, ಕನ್ನಡದಲ್ಲಿ ‘ಬಿಸಿಲು’. ಎರಡೂ ಪದಗಳಲ್ಲಿ ಬೆಳಕೂ ಇದೆ, ಸೆಕೆಯೂ ಇದೆ. ಆದರೆ ಬಿಸಿಲಿನಲ್ಲಿ ಕಣ್ಣಿಗೆ ಕಾಣದ, ಮೈಗೆ ಬಿಸಿ ಎನಿಸದ ಇನ್ನೊಂದು ಭಾಗವಿದೆ. ಅದೇ ನೇರಳಾತೀತ ಕಿರಣ. ಚರ್ಮ ಸುಡುವುದು ಇದರಿಂದಲೇ. ವರ್ಷಗಟ್ಟಲೆ ಮೈಮೇಲೆ ಬಿದ್ದರೆ ಕಣ್ಣಿನ ಪೊರೆ, ಚರ್ಮದ ಕ್ಯಾನ್ಸರ್ ಬರುವ ಅಪಾಯ ಹೆಚ್ಚುತ್ತದೆ. ಮೊಬೈಲ್‌ನ ಹವಾಮಾನ ಪುಟದಲ್ಲಿ ಕಾಣುವ ‘ಯುವಿ ಇಂಡೆಕ್ಸ್’ ಇದರ ಅಳತೆ. 2ರವರೆಗೆ ಕಡಿಮೆ, 8ರಿಂದ 10 ಅತಿ ಹೆಚ್ಚು, 11 ಮುಟ್ಟಿದರೆ ವಿಪರೀತ.

ಪ್ರತಿ ಊರಿನಲ್ಲೂ ಇದನ್ನು ಅಳೆಯುವ ಯಂತ್ರ ಇಡಲಾಗದು. ಆದ್ದರಿಂದ ವಿಜ್ಞಾನಿಗಳು ಉಪಗ್ರಹದ ನೆರವು ಪಡೆಯುತ್ತಾರೆ. 1978ರಲ್ಲಿ ಅಮೆರಿಕದ ನಿಂಬಸ್-7, 2004ರಲ್ಲಿ ಆರಾ, 2017ರಲ್ಲಿ ಯುರೋಪಿನ ಸೆಂಟಿನೆಲ್-5ಪಿ ಈ ಕೆಲಸಕ್ಕೆ ನೆರವಾಗುವ ಉಪಕರಣ ಹೊತ್ತು ಮೇಲೇರಿದವು. ಆದರೆ ನೂರಾರು ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹಕ್ಕೆ ಐವಾನ್-ಎ-ಶಾಹಿ ರಸ್ತೆಯ ಮೇಲೆ ಎಷ್ಟು ಕಿರಣ ಬಿತ್ತು ಎಂದು ನೇರವಾಗಿ ಹೇಗೆ ತಿಳಿಯುತ್ತದೆ?

ತಿಳಿಯುವುದಿಲ್ಲ. ಅದು ಲೆಕ್ಕ ಹಾಕಲು ಬೇಕಾದ ಅಂಕಿ ಕೊಡುತ್ತದೆ. ವಾಣಿಜ್ಯ ವಿದ್ಯಾರ್ಥಿಗಳಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಸೂರ್ಯನಿಂದ ವಾತಾವರಣದ ಮೇಲ್ತುದಿಗೆ ಬರುವ ಕಿರಣ ಆರಂಭಿಕ ಶಿಲ್ಕು. ಓಝೋನ್, ಮೋಡ, ದೂಳು ಇವು ಕಡಿತಗಳು. ಉಳಿದದ್ದು ನೆಲಕ್ಕೆ ಬಿದ್ದ ಅಂತಿಮ ಶಿಲ್ಕು.

ಕಡಿತ ಗೊತ್ತಾಗುವುದು ವಾಪಸ್ ಬಂದ ಬೆಳಕಿನಿಂದ. ಓಝೋನ್ ಹೆಚ್ಚು ಹೀರುವ ಒಂದು ತರಂಗ, ಕಡಿಮೆ ಹೀರುವ ಇನ್ನೊಂದು ತರಂಗ, ಎರಡನ್ನೂ ಹೋಲಿಸಿದರೆ ಓಝೋನ್ ಎಷ್ಟಿದೆ ಎಂದು ತಿಳಿಯುತ್ತದೆ. ಮೇಲಕ್ಕೆ ಹೆಚ್ಚು ಬೆಳಕು ಮರಳಿದರೆ ಮೋಡ ದಟ್ಟವಾಗಿದೆ ಎಂದರ್ಥ.

ಈ ಲೆಕ್ಕದಲ್ಲೂ ಕೊರತೆಗಳಿವೆ. ಇಂಥ ಉಪಗ್ರಹಗಳು ಹಗಲಿನಲ್ಲಿ ಸಾಮಾನ್ಯವಾಗಿ ಒಮ್ಮೆ, ಮಧ್ಯಾಹ್ನದ ಹೊತ್ತಿಗೆ ಹಾದುಹೋಗುತ್ತವೆ. ಉಳಿದ ಗಂಟೆಗಳದ್ದು ಅಂದಾಜು. ಆರಾದ ಉಪಕರಣಕ್ಕೆ ಒಂದು ಚೌಕ ಎಂದರೆ ಕನಿಷ್ಠ 13×24 ಕಿಲೋಮೀಟರ್. ಅಷ್ಟರಲ್ಲಿ ಕಲಬುರಗಿ ನಗರವೂ ಸುತ್ತಲಿನ ಹೊಲಗಳೂ ಒಂದೇ ಅಂಕಿಯೊಳಗೆ ಸೇರಿಬಿಡುತ್ತವೆ. ನೆಲದ ಹತ್ತಿರದ ಹೊಗೆ, ದೂಳು ಲೆಕ್ಕಕ್ಕೆ ಸರಿಯಾಗಿ ಸಿಗದಿದ್ದರೆ ಉತ್ತರ ನಿಜಕ್ಕಿಂತ ಹೆಚ್ಚು ಬರುತ್ತದೆ. ಆದ್ದರಿಂದ ನೆಲದ ಮೇಲಿನ ಯಂತ್ರಗಳೂ ಬೇಕು. ಅವು ಈ ಖಾತೆಯ ಆಡಿಟರ್‌ಗಳು.

ಇದರಿಂದ ನಮಗೇನು? ಕಲಬುರಗಿ ಇರುವುದು 17 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ. ಸೂರ್ಯ ವರ್ಷಕ್ಕೆ ಎರಡು ಸಲ ನಮ್ಮ ನೆತ್ತಿಯ ಮೇಲೆ ಬರುತ್ತಾನೆ: ಮೇ 9ರ ಆಸುಪಾಸು ಮತ್ತು ಆಗಸ್ಟ್ 4ರ ಆಸುಪಾಸು. ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ಸೆಕೆಯೇ ನಮ್ಮನ್ನು ನೆರಳಿಗೆ ಓಡಿಸುತ್ತದೆ. ಆಗಸ್ಟ್‌ನಲ್ಲಿ ಹವೆ ತಂಪು, ಹಾಗಾಗಿ ಯಾರೂ ಹೆದರುವುದಿಲ್ಲ. ಆದರೆ ಮೋಡ ಸರಿದ ಒಂದು ಗಂಟೆಯಲ್ಲಿ ನೇರಳಾತೀತ ಕಿರಣ ಹೆಚ್ಚುಕಡಿಮೆ ಮೇ ತಿಂಗಳಷ್ಟೇ ಬೀಳುತ್ತದೆ. ತೆಳು ಮೋಡವನ್ನೂ ಅದು ಬಹುಪಾಲು ದಾಟಿ ಬರುತ್ತದೆ. ಆ ಹೊತ್ತಿನಲ್ಲಿ ಕಮಲಾಪುರದ ಕಡೆ ತೊಗರಿ ಹೊಲದಲ್ಲಿ ಕಳೆ ಕೀಳುವವರು, ಸೂಪರ್ ಮಾರ್ಕೆಟ್‌ನಲ್ಲಿ ಬಂಡಿ ತಳ್ಳುವವರು ದಿನವಿಡೀ ಹೊರಗಿರುತ್ತಾರೆ.

ಮೊಬೈಲ್ ಇಲ್ಲದವರಿಗೂ ಒಂದು ಅಳತೆಯಿದೆ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಕಿರಣ ಜೋರಾಗಿದೆ ಎಂದರ್ಥ. ಆಗ ತಲೆಗೆ ಬಟ್ಟೆ, ಕೈಗೆ ತುಂಬುತೋಳು, ಸಾಧ್ಯವಾದರೆ ಕೊಡೆ. ಮನೆಯಲ್ಲಿ ಹೊರಗೆ ದುಡಿಯುವವರಿದ್ದರೆ ಅವರಿಗೆ ಇಷ್ಟು ತಿಳಿಸಿ: ಸೆಕೆ ಇಲ್ಲದ ದಿನವೂ ಬಿಸಿಲು ಸುಡುತ್ತದೆ.