ಶೆಲ್ ಪದ ಬಿಡಿಸುವ ಬಗೆ

ಹಳೆಯ ಕನ್ನಡ ಶಾಸನಗಳಲ್ಲಿ ಪದಗಳ ನಡುವೆ ಜಾಗ ಬಿಡುವ ರೂಢಿ ಇರಲಿಲ್ಲ. ಒಂದು ಪದ ಎಲ್ಲಿ ಮುಗಿಯಿತು, ಮುಂದಿನದು ಎಲ್ಲಿ ಶುರುವಾಯಿತು ಎಂಬುದನ್ನು ಓದುವವರೇ ಅರ್ಥ ನೋಡಿ ಬಿಡಿಸಿಕೊಳ್ಳಬೇಕಿತ್ತು. ಗಣಕಕ್ಕೆ ಅರ್ಥ ತಿಳಿಯದು. ಅದು ನಂಬುವುದು ಗುರುತುಗಳನ್ನು ಮಾತ್ರ.

ಯುನಿಕ್ಸ್, ಲಿನಕ್ಸ್ ಗಣಕಗಳಲ್ಲಿ ನೀವು ಟೈಪ್ ಮಾಡಿದ ಆದೇಶವನ್ನು ಓದಿ, ನಡೆಸಿಕೊಡುವ ತಂತ್ರಾಂಶಕ್ಕೆ ಶೆಲ್ ಎಂದು ಹೆಸರು. ಆದೇಶಗಳನ್ನು ಸಾಲಾಗಿ ಬರೆದಿಟ್ಟ ಕಡತವೇ ಶೆಲ್ ಸ್ಕ್ರಿಪ್ಟ್. ಶೆಲ್ ಪದಗಳನ್ನು ಬಿಡಿಸುವ ನಿಯಮ ತಿಳಿಯದೆ ಸ್ಕ್ರಿಪ್ಟ್ ಬರೆದರೆ ಅಳಿಸಬಾರದ ಕಡತ ಅಳಿಸಿಹೋಗಬಹುದು. ಪ್ರಯೋಗದ ಅಂಕಿಗಳು ಸದ್ದಿಲ್ಲದೆ ಸ್ಥಾನ ಬದಲಿಸಬಹುದು.

ಎರಡು ಸಲದ ವಿಭಜನೆ

ಈ ಎರಡು ಸಾಲುಗಳನ್ನು ನೋಡಿ. ಓದುವ ಅನುಕೂಲಕ್ಕಾಗಿ ಇವನ್ನು ಕನ್ನಡದಲ್ಲಿ ಕೊಟ್ಟಿದೆ. ಗಣಕದಲ್ಲಿ ಆದೇಶಗಳೂ ಚರಗಳ ಹೆಸರೂ ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು. ಕಡತದ ಹೆಸರು ಮಾತ್ರ ಕನ್ನಡದಲ್ಲಿರಬಹುದು.

ಕಡತ="ಮೈಸೂರು ಮಳೆ"
ಆರ್‌ಎಂ $ಕಡತ

ಆರ್‌ಎಂ ಎಂಬುದು ಕಡತವನ್ನು ಅಳಿಸುವ ಆದೇಶ. ಶೆಲ್ ಮೊದಲು ಎರಡನೆಯ ಸಾಲನ್ನು ಖಾಲಿ ಜಾಗ ಇದ್ದಲ್ಲಿ ಬಿಡಿಸುತ್ತದೆ. ಆಗ ದೊರೆಯುವುದು ಎರಡು ಪದ: ಆರ್‌ಎಂ ಮತ್ತು $ಕಡತ. ಅನಂತರ $ಕಡತ ಇದ್ದ ಜಾಗದಲ್ಲಿ ಅದರ ಬೆಲೆಯನ್ನು ಇಡುತ್ತದೆ. ಕೆಲಸ ಇಲ್ಲಿಗೆ ಮುಗಿಯುವುದಿಲ್ಲ. ಹಾಗೆ ಇಟ್ಟ ಬೆಲೆಯನ್ನು ಶೆಲ್ ಇನ್ನೊಮ್ಮೆ ಬಿಡಿಸುತ್ತದೆ. ಪರಿಣಾಮವಾಗಿ ಆರ್‌ಎಂಗೆ ತಲುಪುವುದು ‘ಮೈಸೂರು’, ‘ಮಳೆ’ ಎಂಬ ಎರಡು ಬೇರೆ ಹೆಸರುಗಳು. ‘ಮೈಸೂರು’ ಎಂಬ ಇನ್ನೊಂದು ಕಡತ ಅಲ್ಲಿದ್ದರೆ ಅದು ಅಳಿಯುತ್ತದೆ. ನೀವು ಅಳಿಸಬೇಕೆಂದಿದ್ದ ಕಡತ ಹಾಗೇ ಉಳಿಯುತ್ತದೆ!

ಪರಿಹಾರ ಸರಳ. ಆರ್‌ಎಂ "$ಕಡತ" ಎಂದು ಜೋಡಿ ಉದ್ಧರಣ ಚಿಹ್ನೆಯೊಳಗೆ ಬರೆದರೆ ಎರಡನೆಯ ವಿಭಜನೆ ನಡೆಯುವುದಿಲ್ಲ. ಬೆಲೆಯಲ್ಲಿ ನಕ್ಷತ್ರ ಚಿಹ್ನೆ (*) ಇದ್ದರೆ ಅದು ಕಡತಗಳ ಪಟ್ಟಿಯಾಗಿ ಹಿಗ್ಗುವುದೂ ತಪ್ಪುತ್ತದೆ. ಮೊದಲ ಸಾಲಿನಲ್ಲಿ ಹಾಕಿದ ಚಿಹ್ನೆ ಇಲ್ಲಿ ನೆರವಿಗೆ ಬರುವುದಿಲ್ಲ ಎಂಬುದನ್ನು ಗಮನಿಸಿ. ಅದರ ಕೆಲಸ ಆ ಸಾಲಿಗೇ ಮುಗಿಯಿತು. ಚರದ ಬೆಲೆಯೊಳಗೆ ಅದು ಸೇರುವುದಿಲ್ಲ.

ಇದು ಬರಿಯ ಪುಸ್ತಕದ ಎಚ್ಚರಿಕೆಯಲ್ಲ. 2001ರ ನವೆಂಬರಿನಲ್ಲಿ ಆಪಲ್ ಸಂಸ್ಥೆ ಹೊರತಂದ ಐಟ್ಯೂನ್ಸ್ 2.0ರ ಸ್ಥಾಪನಾ ಸ್ಕ್ರಿಪ್ಟಿನಲ್ಲಿ, ಹಳೆಯ ಆವೃತ್ತಿಯನ್ನು ಅಳಿಸುವ ಸಾಲಿಗೆ ಈ ಉದ್ಧರಣ ಚಿಹ್ನೆ ಇರಲಿಲ್ಲ. ಡಿಸ್ಕಿನ ಹೆಸರಿನಲ್ಲಿ ಖಾಲಿ ಜಾಗವಿದ್ದ ಕೆಲವರು ಡಿಸ್ಕಿನಲ್ಲಿದ್ದ ಕಡತಗಳನ್ನೇ ಕಳೆದುಕೊಂಡರು. ಸಂಸ್ಥೆ ಅದನ್ನು ಹಿಂತೆಗೆದುಕೊಂಡು, ತಿದ್ದಿದ 2.0.1ನ್ನು ಕೊಡಬೇಕಾಯಿತು.

ಕ್ಷೇತ್ರ ವಿಭಾಜಕ

ಎರಡನೆಯ ವಿಭಜನೆ ಎಲ್ಲಿ ಆಗಬೇಕು ಎಂಬುದನ್ನು ಐಎಫ್‌ಎಸ್ ಎಂಬ ವಿಶೇಷ ಚರ ತೀರ್ಮಾನಿಸುತ್ತದೆ. ಇದನ್ನು ಕ್ಷೇತ್ರ ವಿಭಾಜಕ ಎನ್ನಬಹುದು. ನೀವು ಬದಲಿಸದಿದ್ದರೆ ಅದರಲ್ಲಿರುವುದು ಮೂರು ಅಕ್ಷರ: ಖಾಲಿ ಜಾಗ, ಟ್ಯಾಬ್ ಮತ್ತು ಹೊಸ ಸಾಲು. ಮೊದಲನೆಯ ವಿಭಜನೆಗೂ ಐಎಫ್‌ಎಸ್‌ಗೂ ಇಂದಿನ ಶೆಲ್‌ಗಳಲ್ಲಿ ಸಂಬಂಧವಿಲ್ಲ.

ದತ್ತಾಂಶದ ಸಾಲನ್ನು ಓದುವ ರೀಡ್ ಆದೇಶವೂ ಐಎಫ್‌ಎಸ್ಸನ್ನೇ ಅನುಸರಿಸುತ್ತದೆ. ಹವಾಮಾನದ ಕಡತವೊಂದರಲ್ಲಿ ಊರು, ಗರಿಷ್ಠ ಉಷ್ಣತೆ, ಕನಿಷ್ಠ ಉಷ್ಣತೆ, ಮಳೆ ಈ ಕ್ರಮದಲ್ಲಿ ಹೀಗೊಂದು ಸಾಲು ಇದೆ ಎಂದುಕೊಳ್ಳಿ:

ಮೈಸೂರು:31:20:4

ಇದನ್ನು ಓದುವ ಆದೇಶ:

ಐಎಫ್‌ಎಸ್=: ರೀಡ್ -ಆರ್ ಊರು ಗರಿಷ್ಠ ಕನಿಷ್ಠ ಮಳೆ

ನಾಲ್ಕು ಕ್ಷೇತ್ರಗಳು ನಾಲ್ಕು ಚರಗಳಿಗೆ ಸೇರುತ್ತವೆ. ಐಎಫ್‌ಎಸ್‌ನ ಹೊಸ ಬೆಲೆಯನ್ನು ಅದೇ ಸಾಲಿನಲ್ಲಿ ರೀಡ್‌ಗಿಂತ ಮೊದಲು ಬರೆದದ್ದರಿಂದ ಬದಲಾವಣೆ ಆ ಆದೇಶಕ್ಕಷ್ಟೇ ಸೀಮಿತ. ಕ್ಷೇತ್ರಗಳು ಚರಗಳಿಗಿಂತ ಹೆಚ್ಚಿದ್ದರೆ ಮಿಕ್ಕದ್ದೆಲ್ಲ ಕೊನೆಯ ಚರಕ್ಕೆ ಹೋಗುತ್ತದೆ.

ಶೂನ್ಯವಲ್ಲ, ಖಾಲಿ

ಒಂದು ದಿನ ಕನಿಷ್ಠ ಉಷ್ಣತೆಯನ್ನು ದಾಖಲಿಸಲಿಲ್ಲ ಎನ್ನೋಣ. ಆಗ ಸಾಲು ‘ಮೈಸೂರು:31::4’ ಆಗುತ್ತದೆ. ಎರಡು ಕೋಲನ್‌ಗಳ ನಡುವೆ ಏನೂ ಇಲ್ಲದಿದ್ದರೂ ಶೆಲ್ ಅದನ್ನು ಖಾಲಿ ಕ್ಷೇತ್ರವೆಂದೇ ಎಣಿಸುತ್ತದೆ. ಮಳೆ 4 ಆಗಿಯೇ ಉಳಿಯುತ್ತದೆ.

ಕೋಲನ್ ಬದಲು ಟ್ಯಾಬ್ ಇದ್ದರೆ? ಖಾಲಿ ಜಾಗ, ಟ್ಯಾಬ್, ಹೊಸ ಸಾಲು ಇವು ಎಷ್ಟು ಒತ್ತಾಗಿ ಬಂದರೂ ಬ್ಯಾಷ್ ಮೊದಲಾದ ಶೆಲ್‌ಗಳು ಅವನ್ನು ಒಂದೇ ವಿಭಾಜಕವೆಂದು ಭಾವಿಸುತ್ತವೆ. ಐಎಫ್‌ಎಸ್‌ನಲ್ಲಿ ಟ್ಯಾಬ್ ಒಂದನ್ನೇ ಇಟ್ಟರೂ ಇದು ತಪ್ಪದು. ಎರಡು ಟ್ಯಾಬ್‌ಗಳು ಒಂದಾಗಿ, 4 ಎಂಬ ಅಂಕಿ ಎಡಕ್ಕೆ ಸರಿಯುತ್ತದೆ. ನಾಲ್ಕು ಮಿಲಿಮೀಟರ್ ಮಳೆ ನಾಲ್ಕು ಡಿಗ್ರಿ ಚಳಿಯಾಗಿಬಿಡುತ್ತದೆ! ಗಣಕ ಯಾವ ದೋಷವನ್ನೂ ವರದಿ ಮಾಡುವುದಿಲ್ಲ. ನಕ್ಷೆ ಬರೆದಾಗಲೂ ಅದು ಕಣ್ಣಿಗೆ ಬೀಳದಿರಬಹುದು. ಮೊದಲು ಹೇಳಿದ ಕಡತ ಅಳಿಸುವ ತಪ್ಪಿಗಿಂತ ಇದು ಹೆಚ್ಚು ಅಪಾಯಕಾರಿ. ಏಕೆಂದರೆ ಕಡತ ಹೋದರೆ ಬೇಗ ತಿಳಿಯುತ್ತದೆ, ಅಂಕಿ ಸರಿದರೆ ತಿಳಿಯುವುದೇ ಇಲ್ಲ.

ಟ್ಯಾಬ್ ಇರುವ ಕಡತವನ್ನು ಓದಲೇಬೇಕಾದರೆ ಆಕ್ ಎಂಬ ತಂತ್ರಾಂಶವನ್ನು ಬಳಸಿ. ಟ್ಯಾಬ್ ಒಂದೇ ವಿಭಾಜಕ ಎಂದು ಸ್ಪಷ್ಟವಾಗಿ ಹೇಳಿದರೆ ಅದು ಖಾಲಿ ಕ್ಷೇತ್ರವನ್ನು ಉಳಿಸಿಕೊಳ್ಳುತ್ತದೆ. ಕಡತವನ್ನು ನೀವೇ ಸಿದ್ಧಪಡಿಸುವುದಾದರೆ ದತ್ತಾಂಶದಲ್ಲಿ ಬಾರದ ಒಂದು ಚಿಹ್ನೆಯನ್ನು ವಿಭಾಜಕವಾಗಿ ಆರಿಸಿಕೊಳ್ಳಿ.

ಒಂದು ಅಪವಾದ

ಬೌರ್ನ್ ಶೆಲ್ 1979ರಲ್ಲಿ ಯುನಿಕ್ಸ್‌ನ ಏಳನೆಯ ಆವೃತ್ತಿಯೊಂದಿಗೆ ಬಂದಿತು. 1989ರಲ್ಲಿ ಬಂದ ಬ್ಯಾಷ್ ಸಹ ಅದರ ಜಾಡಿನಲ್ಲೇ ನಡೆಯುತ್ತದೆ. ಆದರೆ ಜೆಡ್ ಶೆಲ್ ತಾನಾಗಿ ಚರದ ಬೆಲೆಯನ್ನು ಖಾಲಿ ಜಾಗದಲ್ಲಿ ಬಿಡಿಸುವುದಿಲ್ಲ. 2019ರಿಂದ ಮ್ಯಾಕ್ ಗಣಕಗಳಲ್ಲಿ ಹೊಸ ಬಳಕೆದಾರರಿಗೆ ಸಿಗುವುದು ಈ ಶೆಲ್. ಅಲ್ಲಿ ಸರಿಯಾಗಿ ನಡೆದ ಸ್ಕ್ರಿಪ್ಟ್ ಲಿನಕ್ಸ್‌ನ ಬ್ಯಾಷ್‌ನಲ್ಲಿ ಎಡವಬಹುದು.

ಆದ್ದರಿಂದ ಚರವನ್ನು ಬಳಸುವಾಗಲೆಲ್ಲ ಜೋಡಿ ಉದ್ಧರಣ ಚಿಹ್ನೆ ಹಾಕಿ. ಬಿಡಿಸಲೇಬೇಕೆಂಬ ಉದ್ದೇಶವಿದ್ದರೆ ಮಾತ್ರ ಬಿಡಿ. ಅಳಿಸುವ ಸ್ಕ್ರಿಪ್ಟನ್ನು ಮೊದಲು ಆರ್‌ಎಂ ಬದಲು ಎಕೋ ಇಟ್ಟು ನಡೆಸಿ, ಅದು ಮುದ್ರಿಸುವ ಸಾಲನ್ನು ಓದಿ. ಅಂಕಿಗಳ ಕಡತ ಓದಿಸುವ ಮುನ್ನ, ಒಂದು ಕ್ಷೇತ್ರವನ್ನು ಬೇಕೆಂದೇ ಖಾಲಿ ಬಿಟ್ಟ ಸಾಲೊಂದನ್ನು ಕೊಟ್ಟು ಪರೀಕ್ಷಿಸಿ. ಉಪಕರಣದ ಶೂನ್ಯದೋಷವನ್ನು ನೋಡಿಕೊಂಡೇ ಅಳತೆಗೆ ತೊಡಗುವ ನಮಗೆ ಇದು ಹೊಸ ಅಭ್ಯಾಸವೇನಲ್ಲ.